ಹಲಗೆಯ ಹಿಂಬದಿ

ಡುಲೂತಿನಲ್ಲಿ ಜನವರಿ ಎಂದರೆ
ಸ್ಕೂಲ್ ಬಸ್ಸಿನ ಎಂಜಿನ್ನಿಗೆ ಬೆಳಗಿನ ನಾಲ್ಕಕ್ಕೇ ಹೀಟರ್ ಹಚ್ಚಬೇಕು.
ನನಗೆ ಯಾರು ಹಚ್ಚುತ್ತಾರೆ ಅಂತ
ತಮಾಷೆ ಮಾಡುತ್ತಿದ್ದೆ ಆರ್ವೋನ ಹತ್ತಿರ,
ಅವನಿಗೆ ನಗಲು ಉಸಿರಿದ್ದಾಗ.

ಮೂವತ್ತೊಂದು ವರ್ಷ ಅದಿರಿನ ಕಟ್ಟೆಯ ಮೇಲೆ ದುಡಿದವನು.
ಎಕ್ಸ್‌ರೇಯಲ್ಲಿ ಅವನ ಎದೆ
ಮಂಜು ಕವಿದ ಬಂದರಿನ ಹಾಗಿತ್ತು,
ದೀಪಸ್ತಂಭವೂ ಕಾಣದು.

ತಂಗಿ ಡಾರ್ಲಾ ಒಂದು ಕಾರ್ಕ್ ಹಲಗೆ ತಂದಳು, ಅಂಟು, ಕತ್ತರಿ,
ಹಳೆಯ ಪತ್ರಿಕೆಗಳ ಕಟ್ಟು.
"ಬೇಕಾದ್ದನ್ನು ಕಣ್ಣಿಗೆ ಕಟ್ಟಿಕೊ.
ಸಿಕ್ಕಿಬಿಟ್ಟಿದೆ ಅಂತಲೇ ಬರೆ, ದಿನಕ್ಕೆ ಐವತ್ತೈದು ಸಲ.
ಲೋಕ ನಿನ್ನ ಮಾತಿಗೇ ಕಾಯುತ್ತಿದೆ.
ನಂಬಿಕೆ ಅಂದರೆ ಇದೇ ತಾನೆ, ನಿಮ್ಮ ಚರ್ಚಿನಲ್ಲೂ?"

ಕತ್ತರಿಸಿದೆ.
ನೀಲಿ ದೋಣಿ. ಸೇಬು ಕಚ್ಚುವ ಗಂಡಸು, ಯಾರೋ ಜಾಹೀರಾತಿನವನು,
ಆರ್ವೋಗೆ ಇಲ್ಲದ ಹಲ್ಲುಗಳು ಅವನಿಗಿದ್ದವು.
ಮಕ್ಕಳ ವಿಜ್ಞಾನದ ಪುಸ್ತಕದಿಂದ ಒಂದು ಜೊತೆ ಶ್ವಾಸಕೋಶ,
ಗುಲಾಬಿ ಬಣ್ಣ.
ಬರೆದೆ: ಆರ್ವೋ ಗುಣವಾಗಿದ್ದಾನೆ. ಆರ್ವೋ ಗುಣವಾಗಿದ್ದಾನೆ.
ಪಕ್ಕದ ಕೋಣೆಯಲ್ಲಿ ಗುಣವಾದವನು ಕೆಮ್ಮುತ್ತಿದ್ದ.

ಸುಳ್ಳು ಹೇಳಬಾರದು: ಹಿತವಾಗಿತ್ತು.
ಪ್ರಾರ್ಥನೆಗಿಂತ ಹಿತವಾಗಿತ್ತು. ಪ್ರಾರ್ಥನೆಯಲ್ಲಿ
ಎದುರಿಗೆ ಒಬ್ಬನಿರುತ್ತಾನೆ; ಅವನು ಇಲ್ಲ ಅನ್ನಬಹುದು.
ಹಲಗೆ ಇಲ್ಲ ಅನ್ನುವುದಿಲ್ಲ.

ಮಾರ್ಚಿನಲ್ಲಿ ಆಮ್ಲಜನಕದ ಸಿಲಿಂಡರ್ ಬಂತು ಮನೆಗೆ.
ಡಾರ್ಲಾ ಫೋನಿನಲ್ಲಿ ಮೆತ್ತಗೆ ಕೇಳಿದಳು,
"ನಡುವೆ ಎಲ್ಲಾದರೂ ಅನುಮಾನ ಪಟ್ಟೆಯಾ?"
ಪಟ್ಟಿದ್ದೆ. ಒಂದು ಮಂಗಳವಾರ, ಪೆಟ್ರೋಲ್ ಬಂಕಿನಲ್ಲಿ,
ಪೈಪು ಹಿಡಿದು ನಿಂತಾಗ.
ಆ ರಾತ್ರಿ ಲೆಕ್ಕ ಹಾಕುತ್ತ ಕೂತೆ: ಅವನ ಎಷ್ಟು ಉಸಿರು
ನನ್ನ ಆ ಒಂದು ನಿಮಿಷಕ್ಕೆ ಹೋಯಿತು ಅಂತ.

ಬಸ್ಸಿನಲ್ಲಿ ಮೂರನೇ ಸೀಟಿನ ಎಮ್ಮೆಟ್
ನಾಯಿಮರಿಗಾಗಿ ಅಪ್ಪನನ್ನು ಕಾಡುವ ಕತೆ ದಿನವೂ ಹೇಳುತ್ತಾನೆ.
ಏನಂದ ಅಪ್ಪ?
ನೋಡೋಣ ಅಂದ.
ಆ ನೋಡೋಣದ ಮೇಲೆಯೇ ಹುಡುಗ
ಚಳಿಗಾಲವಿಡೀ ಬೆಚ್ಚಗಿದ್ದ.

ಆಯ್ಲಿ ಮುದುಕಿ ಬಾರ್ಲಿ ಸೂಪು ತಂದಳು.
ಎಂಬತ್ತೇಳು, ಕಿವಿ ಮಂದ,
ಚರ್ಚಿನ ನೆಲಮಾಳಿಗೆಯಲ್ಲಿ ನಲವತ್ತು ವರ್ಷ ಕಾಫಿ ಕಾಯಿಸಿದವಳು.
ಕನ್ನಡಕ ಒರೆಸಿ ಹಲಗೆಯ ಮುಂದೆ ನಿಂತಳು ಬಹಳ ಹೊತ್ತು.
"ದೋಣಿ ಚೆನ್ನಾಗಿದೆ," ಅಂದಳು.
ನಾನು ಬೈಗುಳಕ್ಕೆ ಕಾದಿದ್ದೆ.

ಆಮೇಲೆ ಸೂಪು ಕಲಕುತ್ತ:
"ಅಬ್ರಹಾಮನೂ ನಕ್ಷತ್ರ ಎಣಿಸಿದ, ಮಕ್ಕಳ ಕನಸು ಕಂಡ.
ಆದರೆ ಅವನನ್ನು ಗುಡಾರದಿಂದ ಹೊರಗೆ ಕರೆದವನೊಬ್ಬನಿದ್ದ.
ಇದಕ್ಕೆ ನಿನ್ನನ್ನು ಯಾರು ಕರೆದರು, ಮಗಳೇ?
ನೀನು ಅನುಮಾನ ಪಟ್ಟರೆ ಕೈಸೋಲುವ ದೇವರು
ನನಗಂತೂ ಬೇಡ. ನನ್ನ ಟೊಯ್ವೋ ಸತ್ತಾಗ
ಒಂದು ವರ್ಷ ದೇವರ ಜೊತೆ ಮಾತು ಬಿಟ್ಟಿದ್ದೆ.
ಅವನು ಎದ್ದು ಹೋಗಲಿಲ್ಲ."

ಅಷ್ಟೇ. ಬಟ್ಟಲು ತೊಳೆದಿಟ್ಟು ಹೋದಳು.

ನನ್ನ ಬಾಯಲ್ಲಿ ಎರಡು ಮಾತು ಉಳಿದವು:
ಆಗಿದೆ. ಆಗಲಿ.
ಮೊದಲನೆಯದಕ್ಕೆ ಕೈ ತಾನಾಗಿ ಮುಷ್ಟಿಯಾಗುತ್ತದೆ.
ಎರಡನೆಯದನ್ನು ಒಬ್ಬ ರಾತ್ರಿಯ ತೋಟದಲ್ಲಿ, ಬೆವರುತ್ತ,
ಪಾತ್ರೆಯನ್ನು ಸರಿಸೆಂದು ಬೇಡಿಕೊಂಡ ಮೇಲೆ ಹೇಳಿದ;
ಗೆಳೆಯರು ಮಲಗಿಬಿಟ್ಟಿದ್ದರು.
ಬೇಡುವುದರೊಳಗೆ ಒಂದು ‘ಬೇಡ’ವೂ ಅಡಗಿದೆ,
ಯಾರ ಬಾಯಿಂದ ಬರುತ್ತದೋ.

ಏಪ್ರಿಲ್. ಸರೋವರದ ಹಿಮ ಒಡೆಯುವ ಸದ್ದು ಅಡುಗೆಮನೆಯವರೆಗೆ.
ಪಿನ್ನುಗಳನ್ನು ಕಿತ್ತು ಡಬ್ಬಿಗೆ ಹಾಕಿದೆ.
ದೋಣಿಯನ್ನು ಆರ್ವೋ ಕೇಳಿದ, ಕೊಟ್ಟೆ;
ಮಂಚದ ಪಕ್ಕ, ಔಷಧದ ಲೋಟದ ಕೆಳಗಿದೆ.
ಹಲಗೆ ತಿರುಗಿಸಿ ಹಿಂಬದಿಗೆ ಮಾರ್ಕರಿನಲ್ಲಿ ಬರೆದೆ,
ಯಾವ ದಿನ ಯಾರು ಅವನನ್ನು ಆಸ್ಪತ್ರೆಗೆ ಒಯ್ಯುವುದೆಂದು:
ಸೋಮವಾರ ನಾನು. ಬುಧವಾರ ಹಾಲ್ವರ್ಸನ್ ದಂಪತಿ.
ಗುರುವಾರ ಡಾರ್ಲಾ, ತಾನೇ ಕೇಳಿ ಪಡೆದದ್ದು.
ಶುಕ್ರವಾರ ಆಯ್ಲಿ.
ಅವಳಿಗೆ ಕಾರು ಓಡಿಸಲು ಬರುವುದಿಲ್ಲ.
ಪಕ್ಕದಲ್ಲಿ ಕೂತಿರುತ್ತಾಳಂತೆ.